ಕಳೆ ಮಿಷನ್ ಕೈಕೊಟ್ಟಾಗ: ಟೂ ಸ್ಟ್ರೋಕ್, ಫೋರ್ ಸ್ಟ್ರೋಕ್ ಎಂಜಿನ್‌ಗಳ ದೋಷ ಹುಡುಕುವ ಬಗೆ

ಅಡಿಕೆ ತೋಟದಲ್ಲಿ ಕಳೆ ಹೊಡೆಯುವ ಕೆಲಸವನ್ನು ನಾಳೆಗೆ ತಳ್ಳಲು ಆಗುವುದಿಲ್ಲ. ಮಳೆ ಹಿಡಿಯುವ ಮುಂಚೆ ಒಂದು ಸಲ, ಅಡಿಕೆ ಗೊನೆ ಕೊಯ್ಲಿಗೆ ಮುಂಚೆ ಇನ್ನೊಂದು ಸಲ ಹೊಡೆಯಲೇಬೇಕು. ಕೆಲಸಕ್ಕೆ ಜನ ಸಿಗುವುದೇ ಕಷ್ಟ. ಸಿಕ್ಕ ದಿನ ಮಿಷನ್ ಎದ್ದೇಳದಿದ್ದರೆ ಕೂಲಿಯೂ ಹೋಯಿತು, ದಿನವೂ ಹೋಯಿತು.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಈಗ ಬಹಳ ಮನೆಗಳಲ್ಲಿ ಸಣ್ಣ ಪೆಟ್ರೋಲ್ ಎಂಜಿನ್ ಒಂದಲ್ಲ, ಎರಡು ಮೂರು ಇವೆ. ಕಳೆ ಹೊಡೆಯಲು ಒಂದು, ಔಷಧಿ ಹೊಡೆಯುವ ಪಂಪಿಗೆ ಒಂದು, ಮರ ಕೊಯ್ಯಲು ಒಂದು. ಇವುಗಳಲ್ಲಿ ಕೆಲವು ಟೂ ಸ್ಟ್ರೋಕ್, ಕೆಲವು ಫೋರ್ ಸ್ಟ್ರೋಕ್. ತೊಂದರೆ ಶುರುವಾಗುವುದು ಇಲ್ಲೇ. ಕಾಣುವ ಲಕ್ಷಣ ಎರಡರಲ್ಲೂ ಒಂದೇ, ಅರ್ಥ ಮಾತ್ರ ಬೇರೆ. ಒಂದರಲ್ಲಿ ಹೊಗೆ ಬಂದರೆ ಕೆಲಸ ಮುಂದುವರಿಸಬಹುದು. ಇನ್ನೊಂದರಲ್ಲಿ ಅದೇ ಹೊಗೆ ಬಂದರೆ ಕಾರಣ ಹುಡುಕಬೇಕು.

ಖರ್ಚಿಲ್ಲದೆ ನೋಡಬಹುದಾದದ್ದನ್ನು ಮೊದಲು, ಬಿಚ್ಚಿ ನೋಡಬೇಕಾದದ್ದನ್ನು ಆಮೇಲೆ ಹೇಳಿದ್ದೇನೆ.

ಕೈ ಹಾಕುವ ಮುಂಚೆ

ಬ್ಲೇಡಿನ ಹತ್ತಿರ ಕೈ ಹೋಗುವ ಯಾವ ಕೆಲಸಕ್ಕೂ ಮೊದಲು ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದ್ದೇನೆ ಅನ್ನುವ ಧೈರ್ಯ ಸಾಲದು. ಸೈಲೆನ್ಸರ್ ತಣ್ಣಗಾಗಲು ಅರ್ಧ ಗಂಟೆಯಾದರೂ ಬಿಡಿ. ಬಿಸಿ ಎಂಜಿನ್ನಿಗೆ ಪೆಟ್ರೋಲ್ ಸುರಿಯಬೇಡಿ, ಹತ್ತಿರ ಬೀಡಿ ಸಿಗರೇಟ್ ಬೇಡವೇ ಬೇಡ. ಮಳೆ ಬರುತ್ತಿದೆ ಅಂತ ಕೊಟ್ಟಿಗೆ ಅಥವಾ ಅಡಿಕೆ ಮನೆಯ ಒಳಗೆ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿ ಇರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆ ಸುತ್ತು ಬಂದಾಗಲೇ ತಡವಾಗಿರುತ್ತದೆ.

ನಿಮ್ಮದು ಯಾವ ಎಂಜಿನ್?

ಇದು ಗೊತ್ತಿಲ್ಲದೆ ಮುಂದಿನ ಒಂದು ಸಾಲೂ ಉಪಯೋಗಕ್ಕೆ ಬರುವುದಿಲ್ಲ. ಎಂಜಿನ್ನಿನ ಕೆಳಭಾಗದಲ್ಲಿ ಆಯಿಲ್ ಹಾಕುವ ಪ್ರತ್ಯೇಕ ಮುಚ್ಚಳ ಇದೆಯಾ ನೋಡಿ. ಅದನ್ನು ತಿರುಗಿಸಿ ತೆಗೆದರೆ ಆಯಿಲ್ ಅಳೆಯುವ ಕಡ್ಡಿಯೋ ಗುರುತೋ ಕಂಡರೆ ಫೋರ್ ಸ್ಟ್ರೋಕ್. ಅಂಥ ಮುಚ್ಚಳವೇ ಇಲ್ಲದೆ, ಪೆಟ್ರೋಲ್ ಮುಚ್ಚಳದ ಮೇಲೆ ಪೆಟ್ರೋಲಿನ ಜೊತೆ ಆಯಿಲ್ ಚಿತ್ರ ಅಥವಾ 50:1 (50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್) ಅಂತ ಇದ್ದರೆ ಸಾಮಾನ್ಯವಾಗಿ ಟೂ ಸ್ಟ್ರೋಕ್. ಇದಕ್ಕೊಂದು ಅಪವಾದ ಇದೆ. ಸ್ಟಿಲ್ ಕಂಪನಿಯ 4-ಮಿಕ್ಸ್ ಎಂಜಿನ್ ಕೆಲಸ ಮಾಡುವುದು ಫೋರ್ ಸ್ಟ್ರೋಕ್ ರೀತಿಯಲ್ಲಿ, ಆದರೆ ಕುಡಿಯುವುದು ಆಯಿಲ್ ಬೆರೆಸಿದ ಪೆಟ್ರೋಲ್. ಆದ್ದರಿಂದ ಯಾವ ಪೆಟ್ರೋಲ್ ಹಾಕಬೇಕು ಅನ್ನುವುದಕ್ಕೆ ಮುಚ್ಚಳದ ಮೇಲೆ ಬರೆದದ್ದೇ ಕೊನೆಯ ಮಾತು.

ಒಳಗೆ ನಡೆಯುವುದು ಇಷ್ಟು. ಫೋರ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ಒಮ್ಮೆ ಕೆಳಗೆ ಹೋಗಿ ಗಾಳಿ-ಪೆಟ್ರೋಲ್ ಎಳೆದುಕೊಳ್ಳುತ್ತದೆ, ಮೇಲೆ ಬಂದು ಒತ್ತುತ್ತದೆ, ಉರಿದಾಗ ಕೆಳಗೆ ತಳ್ಳಿಸಿಕೊಳ್ಳುತ್ತದೆ, ಮತ್ತೆ ಮೇಲೆ ಬಂದು ಹೊಗೆ ಹೊರಗೆ ಹಾಕುತ್ತದೆ. ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿಸುವ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗಿದರೆ ಒಂದು ಸಲ ಉರಿ. ಟೂ ಸ್ಟ್ರೋಕ್‌ನಲ್ಲಿ ಪ್ರತಿ ಸುತ್ತಿಗೂ ಒಂದು ಉರಿ. ಅದಕ್ಕೇ ಅದು ಹಗುರ, ಚುರುಕು, ಬಿಸಿಯೂ ಜಾಸ್ತಿ.

ದೋಷ ಹುಡುಕುವವರಿಗೆ ಇದಕ್ಕಿಂತ ಮುಖ್ಯವಾದದ್ದು ಆಯಿಲ್ ಎಲ್ಲಿದೆ ಅನ್ನುವುದು. ಫೋರ್ ಸ್ಟ್ರೋಕ್‌ನಲ್ಲಿ ಆಯಿಲ್ ತನ್ನದೇ ಜಾಗದಲ್ಲಿ ಇರುತ್ತದೆ. ಟೂ ಸ್ಟ್ರೋಕ್‌ನಲ್ಲಿ ಅದಕ್ಕೆ ಬೇರೆ ಜಾಗವೇ ಇಲ್ಲ. ಪೆಟ್ರೋಲಿನ ಜೊತೆ ಒಳಗೆ ಹೋಗಿ, ಬೇರಿಂಗಿಗೂ ಪಿಸ್ಟನ್ನಿಗೂ ಸವರಿ, ಕೊನೆಗೆ ಉರಿದುಹೋಗುತ್ತದೆ. ಅಂದರೆ ಟೂ ಸ್ಟ್ರೋಕ್‌ಗೆ ಪೆಟ್ರೋಲ್ ಕಡಿಮೆ ಬಂದರೆ ಆಯಿಲ್ಲೂ ಕಡಿಮೆ ಬಂತು ಅಂತಲೇ ಅರ್ಥ. ಫೋರ್ ಸ್ಟ್ರೋಕ್‌ನಲ್ಲಿ ಪೆಟ್ರೋಲಿನ ತೊಂದರೆ ಕೆಲಸ ಕೆಡಿಸುತ್ತದೆ. ಟೂ ಸ್ಟ್ರೋಕ್‌ನಲ್ಲಿ ಅದು ಎಂಜಿನ್ನನ್ನೇ ಕೆಡಿಸಬಹುದು.

ಹಗ್ಗ ಎಷ್ಟು ಎಳೆದರೂ ಸ್ಟಾರ್ಟ್ ಆಗುವುದಿಲ್ಲ

ಸ್ವಿಚ್ ಆನ್ ಇದೆಯಾ ನೋಡಿ. ಕಳೆ ಗಿಡದ ಬಳ್ಳಿ ಸಿಕ್ಕಿ ಸ್ವಿಚ್ ಸರಿದಿರುವುದು ಉಂಟು. ಎಂಜಿನ್ ತಣ್ಣಗಿದ್ದರೆ ಚೋಕ್ ಹಾಕಿ. ಪೆಟ್ರೋಲ್ ಎಳೆಯುವ ರಬ್ಬರ್ ಗುಳ್ಳೆಯನ್ನು ಏಳೆಂಟು ಸಲ ಒತ್ತಿ. ಒತ್ತಿದಾಗ ಪೆಟ್ರೋಲ್ ಕಾಣದೆ ಗಾಳಿಯೇ ಬರುತ್ತಿದ್ದರೆ ಟ್ಯಾಂಕಿನೊಳಗಿನ ಪೈಪು ಬಿರಿದಿದೆ, ಇಲ್ಲವೇ ಅದರ ತುದಿಯ ಫಿಲ್ಟರ್ ಕಟ್ಟಿದೆ. ಒಂದು ತಂತಿ ಕೊಕ್ಕೆ ಮಾಡಿ ಫಿಲ್ಟರನ್ನು ಟ್ಯಾಂಕಿನ ಬಾಯಿಗೆ ಎಳೆದು ನೋಡಬಹುದು.

ಆಮೇಲೆ ಪೆಟ್ರೋಲ್. ಮಲೆನಾಡಿನಲ್ಲಿ ಇಲ್ಲಿ ಸ್ವಲ್ಪ ನಿಲ್ಲಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುವ ವಸ್ತು. ಆಗುಂಬೆಯಂಥ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಮೇಲೆ ಮಳೆ ಬೀಳುತ್ತದೆ, ಆಷಾಢದಲ್ಲಿ ಗೋಡೆಯೇ ಬೆವರುತ್ತದೆ. ಅಲ್ಲಿ ಮುಚ್ಚಳ ಸಡಿಲ ಇರುವ ಕ್ಯಾನಿನ ಪೆಟ್ರೋಲ್ ನೀರು ಹಿಡಿಯದೆ ಇರುತ್ತದೆಯೇ? ಸೂರಿನ ನೀರು ಒಂದಿಷ್ಟು ಒಳಗೆ ಹೋದರಂತೂ ಮುಗಿಯಿತು. ನೀರು ಒಂದು ಮಿತಿ ದಾಟಿದ ಕೂಡಲೇ ಎಥನಾಲನ್ನೂ ಜೊತೆಗೆ ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ಮೇಲೆ ಪೆಟ್ರೋಲ್, ಕೆಳಗೆ ನೀರು-ಎಥನಾಲ್.

ಪರೀಕ್ಷೆಗೆ ಖರ್ಚಿಲ್ಲ. ಒಣಗಿದ ಬಿಳಿ ಗಾಜಿನ ಬಾಟಲಿಗೆ ಟ್ಯಾಂಕಿನ ತಳದ ಪೆಟ್ರೋಲನ್ನು ಸ್ವಲ್ಪ ಬಗ್ಗಿಸಿ, ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ಬೆಳಕಿಗೆ ಹಿಡಿದು ನೋಡಿ. ಹೋದ ಮಳೆಗಾಲ ನಮ್ಮ ಜಗಲಿಯಲ್ಲಿ ಹೀಗೆ ಇಟ್ಟ ಬಾಟಲಿಯಲ್ಲಿ ಒಂದು ಬೆರಳು ದಪ್ಪದ ತಿಳಿ ನೀರಿನಂಥ ಪದರ ತಳದಲ್ಲಿ ನಿಂತಿತ್ತು. ಅದರ ಮೇಲೆ, ಟೂ ಸ್ಟ್ರೋಕ್‌ಗೆ ಬೆರೆಸುವ 2ಟಿ ಆಯಿಲಿನ ಹಸಿರು ಬಣ್ಣ ಹೊತ್ತ ಪೆಟ್ರೋಲ್. ನಡುವೆ ಗೆರೆ ಎಳೆದ ಹಾಗಿತ್ತು. ಆಯಿಲ್ ಪೂರ್ತಿ ಮೇಲಿನ ಪದರದಲ್ಲೇ ಉಳಿದಿದೆ ಅನ್ನುವುದನ್ನು ಗಮನಿಸಿ. ಟ್ಯಾಂಕಿನ ಪೈಪು ಎಳೆಯುವುದು ತಳದಿಂದ. ಫೋರ್ ಸ್ಟ್ರೋಕ್ ಆದರೆ ಅದು ಕೆಮ್ಮಿ ನಿಲ್ಲುತ್ತದೆ, ಟ್ಯಾಂಕ್ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಟೂ ಸ್ಟ್ರೋಕ್ ಆದರೆ ಆಯಿಲ್ಲೇ ಇಲ್ಲದ ದ್ರವ ಒಳಗೆ ಹೋಗುತ್ತಿದೆ. ಅಂಥ ಪೆಟ್ರೋಲಿನಲ್ಲಿ ಅದನ್ನು ಸ್ಟಾರ್ಟ್ ಮಾಡುವ ಪ್ರಯತ್ನವನ್ನೇ ಮಾಡಬೇಡಿ. ಅಲ್ಲಾಡಿಸಿ ಬೆರೆಸಿದರೂ ಅದು ಮತ್ತೆ ಒಂದಾಗುವುದಿಲ್ಲ.

ಒಂದು ತಿಂಗಳಿಗಿಂತ ಹಳೆಯ ಮಿಶ್ರಣವನ್ನು ನಾನು ಹಾಕುವುದಿಲ್ಲ. ವಾರಕ್ಕೆ ಬೇಕಾದಷ್ಟು ಮಾತ್ರ ಬೆರೆಸಿಟ್ಟುಕೊಳ್ಳುವುದು ಒಳ್ಳೆಯದು.

ಪೆಟ್ರೋಲ್ ಸರಿಯಿದ್ದರೆ ಪ್ಲಗ್ ಬಿಚ್ಚಿ. ಇಪ್ಪತ್ತು ಸಲ ಎಳೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಅಲ್ಲಿಗೆ ಬರುತ್ತಿಲ್ಲ. ಅದು ಪೈಪು, ಫಿಲ್ಟರ್ ಅಥವಾ ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನ ತೊಂದರೆ. ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿಯಾಗಿದೆ ಅಥವಾ ಕಿಡಿ ಇಲ್ಲ. ಮೊದಲು ಪ್ಲಗ್ ಒರೆಸಿ, ಚೋಕ್ ತೆಗೆದು, ಸ್ವಿಚ್ ಆಫ್ ಇಟ್ಟು ಏಳೆಂಟು ಸಲ ಹಗ್ಗ ಎಳೆಯಿರಿ. ಒಳಗಿನ ಪೆಟ್ರೋಲ್ ಪ್ಲಗ್ಗಿನ ತೂತಿನಿಂದ ಹೊರಗೆ ಹಾರುತ್ತದೆ, ಮುಖ ದೂರ ಇರಲಿ.

ಕಿಡಿ ನೋಡುವುದು ಹೀಗೆ. ಮೆಕ್ಯಾನಿಕ್‌ಗಳು "ಕರೆಂಟ್ ಬರ್ತಿದೆಯಾ" ಅಂತ ಕೇಳುವುದು ಇದನ್ನೇ. ಚೆಲ್ಲಿದ ಪೆಟ್ರೋಲ್ ಪೂರ್ತಿ ಒಣಗಲಿ. ಪ್ಲಗ್ಗಿಗೆ ಕ್ಯಾಪ್ ಹಾಕಿ, ಅದರ ಲೋಹದ ಮೈಯನ್ನು ಎಂಜಿನ್ನಿನ ಲೋಹಕ್ಕೆ ಒತ್ತಿಡಿ, ಪ್ಲಗ್ ತೂತಿನಿಂದ ಸಾಧ್ಯವಾದಷ್ಟು ದೂರ. ಕ್ಯಾಪನ್ನು ಒಣಗಿದ ಕೈಯಲ್ಲಿ, ರಬ್ಬರ್ ಭಾಗದಲ್ಲೇ ಹಿಡಿಯಿರಿ. ಸ್ವಿಚ್ ಆನ್ ಮಾಡಿ, ನೆರಳಿನಲ್ಲಿ ಇನ್ನೊಬ್ಬರು ಹಗ್ಗ ಎಳೆಯಲಿ. ನೀಲಿ ಕಿಡಿ ಟಕ್ ಅಂತ ಹಾರಿದರೆ ಸರಿ. ಇಲ್ಲದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ. ಪ್ಲಗ್ಗಿನ ತುದಿಯ ಅಂತರ ಬಹಳ ಸಣ್ಣ ಎಂಜಿನ್‌ಗಳಿಗೆ 0.6ರಿಂದ 0.7 ಮಿಲಿಮೀಟರ್. ಹೊಸ ಪ್ಲಗ್ಗಿಗೂ ಕಿಡಿ ಬರದಿದ್ದರೆ ಸ್ವಿಚ್ಚಿನ ವೈರ್ ಎಲ್ಲಾದರೂ ಸವೆದು ಲೋಹಕ್ಕೆ ತಾಗುತ್ತಿದೆಯಾ ಹುಡುಕಿ. ಹ್ಯಾಂಡಲ್ ತಿರುಗುವ ಜಾಗದಲ್ಲಿ ಇದು ಬಹಳ. ಅದೂ ಸರಿಯಿದ್ದರೆ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಮೇಲೆ ಅನುಮಾನ, ಅದು ಮೆಕ್ಯಾನಿಕ್ ಕೆಲಸ.

ಫೋರ್ ಸ್ಟ್ರೋಕ್‌ನಲ್ಲಿ ಇನ್ನೊಂದು ಸಣ್ಣ ಕಾರಣ ಇದೆ. ಕೆಲವು ಪಂಪ್ ಮತ್ತು ಜನರೇಟರ್ ಎಂಜಿನ್‌ಗಳಲ್ಲಿ ಆಯಿಲ್ ಕಡಿಮೆ ಇದ್ದರೆ ಕಿಡಿಯನ್ನೇ ತಡೆಯುವ ಸೆನ್ಸರ್ ಇರುತ್ತದೆ. ಅಂಥ ಎಂಜಿನ್ನಿನ ಪ್ಲಗ್, ಕಾಯಿಲ್ ಬದಲಿಸುವ ಮುಂಚೆ ಸಮತಟ್ಟಾದ ಜಾಗದಲ್ಲಿಟ್ಟು ಆಯಿಲ್ ನೋಡಿ.

ಹಗ್ಗವೇ ಬರುವುದಿಲ್ಲ, ಅಥವಾ ತೀರಾ ಸಡಿಲ

ಹಗ್ಗ ಗಟ್ಟಿಯಾಗಿ ನಿಂತರೆ ಜೋರು ಮಾಡಬೇಡಿ. ಪ್ಲಗ್ ಬಿಚ್ಚಿ ಮೆಲ್ಲಗೆ ಎಳೆಯಿರಿ. ಈಗ ಬಂದರೆ ಒಳಗೆ ಪೆಟ್ರೋಲೋ ಆಯಿಲ್ಲೋ ತುಂಬಿಕೊಂಡಿತ್ತು. ಫೋರ್ ಸ್ಟ್ರೋಕ್ ಮಿಷನ್ನನ್ನು ತಪ್ಪು ಮಗ್ಗುಲಿಗೆ ಮಲಗಿಸಿ ಜೀಪಿನಲ್ಲಿ ತಂದಾಗ ಆಯಿಲ್ ಸಿಲಿಂಡರಿಗೆ ಇಳಿದು ಹೀಗಾಗುತ್ತದೆ. ಪ್ಲಗ್ ತೆಗೆದರೂ ಬರದಿದ್ದರೆ ಹಗ್ಗದ ಸ್ಪ್ರಿಂಗ್ ಸಿಕ್ಕಿದೆ, ಇಲ್ಲವೇ ಪಿಸ್ಟನ್ ಕಚ್ಚಿಕೊಂಡಿದೆ.

ಹಗ್ಗ ತೀರಾ ಸುಲಭಕ್ಕೆ ಬಂದರೆ ಒಳಗೆ ಒತ್ತಡ ಇಲ್ಲ. ಟೂ ಸ್ಟ್ರೋಕ್‌ನಲ್ಲಿ ಸ್ವಿಚ್ ಆಫ್ ಮಾಡಿ ಹಗ್ಗದ ಹಿಡಿಯಲ್ಲೇ ಮಿಷನ್ನನ್ನು ನೆಲದಿಂದ ಸ್ವಲ್ಪ ಎತ್ತಿ ನೋಡಿ. ತಡೆದು ತಡೆದು ಇಳಿದರೆ ಒತ್ತಡ ಇದೆ, ಸರ್ರನೆ ಇಳಿದರೆ ಪಿಸ್ಟನ್ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಮೈ) ಹೋಗಿದೆ. ಫೋರ್ ಸ್ಟ್ರೋಕ್‌ಗೆ ಈ ಪರೀಕ್ಷೆ ನಂಬಬೇಡಿ. ಎಳೆಯಲು ಸುಲಭವಾಗಲಿ ಅಂತ ಕೆಲವದರಲ್ಲಿ ವಾಲ್ವನ್ನು ಕೊಂಚ ತೆರೆದಿಡುವ ವ್ಯವಸ್ಥೆ ಇರುತ್ತದೆ.

ಸ್ಟಾರ್ಟ್ ಆಗಿ ಹತ್ತು ನಿಮಿಷಕ್ಕೆ ನಿಲ್ಲುತ್ತದೆ

ನಿಂತ ಕೂಡಲೇ ಪೆಟ್ರೋಲ್ ಮುಚ್ಚಳವನ್ನು ಮೆಲ್ಲಗೆ ಸಡಿಲ ಮಾಡಿ. ಸುಸ್ ಅಂತ ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಎಂಜಿನ್ ಸ್ಟಾರ್ಟ್ ಆದರೆ ಉತ್ತರ ಸಿಕ್ಕಿತು. ಮುಚ್ಚಳದಲ್ಲೋ ಟ್ಯಾಂಕಿನಲ್ಲೋ ಗಾಳಿ ಹೋಗುವ ಸಣ್ಣ ತೂತು ಧೂಳಿನಿಂದ ಕಟ್ಟಿದೆ. ಅದನ್ನು ಬಿಡಿಸಿದರೆ ಸಾಕು. ಇಷ್ಟಕ್ಕೇ ಕಾರ್ಬೊರೇಟರ್ ಬದಲಿಸಿದವರನ್ನು ನೋಡಿದ್ದೇನೆ, ನೋಡಿ ಬೇಜಾರಾಗಿದೆ. ಟೂ ಸ್ಟ್ರೋಕ್ ಇಟ್ಟುಕೊಂಡವರು ಇದನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ನಿಲ್ಲುವ ಮುಂಚೆ ಅದು ಅರೆಹೊಟ್ಟೆಯಲ್ಲಿ ಓಡಿದೆ, ಆಯಿಲ್ಲೂ ಅರ್ಧವೇ ಸಿಕ್ಕಿದೆ.

ಮುಚ್ಚಳ ಕಾರಣವಲ್ಲದಿದ್ದರೆ, ನಿಂತ ತಕ್ಷಣ, ಬಿಸಿ ಇರುವಾಗಲೇ ಕಿಡಿ ನೋಡಬೇಕು. ಸೈಲೆನ್ಸರ್ ಮುಟ್ಟದಂತೆ ದಪ್ಪ ಬಟ್ಟೆ ಸುತ್ತಿಕೊಳ್ಳಿ. ಬಿಸಿಯಲ್ಲಿ ಕಿಡಿ ಇಲ್ಲ, ತಣ್ಣಗಾದ ಮೇಲೆ ಇದೆ ಅಂದರೆ ಕಾಯಿಲ್ ಹೋಗುತ್ತಿದೆ. ಅಂಗಡಿಗೆ ಒಯ್ಯುವ ಹೊತ್ತಿಗೆ ತಣ್ಣಗಾಗಿ ಸರಿಯಾಗಿ ಓಡುತ್ತದೆ, ಮೆಕ್ಯಾನಿಕ್ ಏನೂ ಇಲ್ಲ ಅಂತ ವಾಪಸ್ ಕಳಿಸುತ್ತಾರೆ. ಅದಕ್ಕೇ ಈ ಪರೀಕ್ಷೆಯನ್ನು ತೋಟದಲ್ಲೇ ಮಾಡಬೇಕು.

ಬೇಣದ (ಹುಲ್ಲುಗಾವಲಿನ) ಇಳಿಜಾರಿನಲ್ಲಿ ಮಾತ್ರ ನಿಲ್ಲುತ್ತದೆ, ಸಮ ಜಾಗಕ್ಕೆ ತಂದರೆ ಓಡುತ್ತದೆ ಅನ್ನುವುದು ನೆಲದ ಮೇಲಿಡುವ ಫೋರ್ ಸ್ಟ್ರೋಕ್ ಪಂಪುಗಳ ದೂರು. ಇದು ದೋಷವಲ್ಲ. ಇವುಗಳ ಆಯಿಲ್ ತಳದಲ್ಲಿ ನಿಂತಿರುತ್ತದೆ, ಓರೆಯಾದರೆ ಒಂದು ಬದಿಗೆ ಸರಿದು ಬೇಕಾದ ಕಡೆ ಸಿಗುವುದಿಲ್ಲ. ಸೆನ್ಸರ್ ಇದ್ದರೆ ಎಂಜಿನ್ ನಿಲ್ಲಿಸಿ ಕಾಪಾಡುತ್ತದೆ, ಇಲ್ಲದಿದ್ದರೆ ಒಳಗೆ ಸವೆಯುತ್ತಲೇ ಓಡುತ್ತದೆ. ಔಷಧಿ ಪಂಪನ್ನು ದರೆಯ (ಮಣ್ಣಿನ ದಿಬ್ಬದ) ಪಕ್ಕದಲ್ಲಿ ಇಡುವಾಗ ಕೆಳಗೆ ಕಲ್ಲು ಕೊಟ್ಟು ಸಮ ಮಾಡಿಕೊಳ್ಳಿ. ಹೆಗಲಿಗೆ ಹಾಕುವ ಸಣ್ಣ ಫೋರ್ ಸ್ಟ್ರೋಕ್‌ಗಳನ್ನು ಓರೆಯಲ್ಲೂ ಓಡುವ ಹಾಗೆ ಮಾಡಿರುತ್ತಾರೆ. ಟೂ ಸ್ಟ್ರೋಕ್‌ಗೆ ಓರೆಯ ಚಿಂತೆಯೇ ಇಲ್ಲ. ಮರ ಕೊಯ್ಯುವ ಮಿಷನ್‌ಗಳಲ್ಲಿ ಅದು ಇನ್ನೂ ಉಳಿದಿರುವುದಕ್ಕೆ ಇದೂ ಒಂದು ಕಾರಣ.

ಸ್ಟಾರ್ಟ್ ಆಗುತ್ತದೆ, ಎಕ್ಸಲರೇಟರ್ ಕೊಟ್ಟರೆ ಎಳೆಯುವುದಿಲ್ಲ

ಮೊದಲು ಏರ್ ಫಿಲ್ಟರ್. ಸ್ಪಂಜಿನದ್ದಾದರೆ ಸೋಪು ನೀರಿನಲ್ಲಿ ತೊಳೆದು, ಹಿಂಡಿ, ಪೂರ್ತಿ ಒಣಗಿಸಿ. ಒದ್ದೆ ಫಿಲ್ಟರ್ ಹಾಕಬೇಡಿ. ಫಿಲ್ಟರ್ ತೆಗೆದು ಓಡಿಸುವ ಅಭ್ಯಾಸ ನಮ್ಮ ಕಡೆ ಇದೆ. ಬೇಸಿಗೆಯ ಕೆಂಪು ಧೂಳು ಪಿಸ್ಟನ್ನಿಗೆ ಉಪ್ಪುಕಾಗದ ತಿಕ್ಕಿದ ಹಾಗೆ. ದಯವಿಟ್ಟು ಬೇಡ.

ಆಮೇಲೆ ಎರಡೂ ಎಂಜಿನ್‌ಗಳ ದಾರಿ ಬೇರೆಯಾಗುತ್ತದೆ. ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರಿನ ಬಾಯಿಯಲ್ಲಿ ಕಿಡಿ ತಡೆಯುವ ಸಣ್ಣ ಜಾಲರಿ ಇರುತ್ತದೆ. ಆಯಿಲ್ ಉರಿದ ಮಸಿ ಅದರಲ್ಲಿ ಕಟ್ಟಿ ಹೊಗೆ ಹೊರಗೆ ಹೋಗಲು ಆಗುವುದಿಲ್ಲ. ಎಂಜಿನ್ ಮೂಗು ಕಟ್ಟಿದವರ ಹಾಗೆ ಒದ್ದಾಡುತ್ತದೆ. ಜಾಲರಿ ತೆಗೆದು ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ, ಮತ್ತೆ ಹಾಕಿ. ಅದಿಲ್ಲದೆ ಓಡಿಸಿದರೆ ಒಣ ಬೇಣಕ್ಕೆ ಬೆಂಕಿ ಬೀಳಬಹುದು. ಜಾಲರಿ ಸ್ವಚ್ಛವಿದ್ದೂ ಎಳೆಯದಿದ್ದರೆ ಸೈಲೆನ್ಸರ್ ಬಿಚ್ಚಿ ಸಿಲಿಂಡರಿನ ಹೊಗೆ ಕಿಂಡಿ ನೋಡಿ. ಅಲ್ಲೂ ಮಸಿ ಕಟ್ಟುತ್ತದೆ. ಹಗ್ಗ ಮೆಲ್ಲಗೆ ಎಳೆದು ಪಿಸ್ಟನ್ ಕಿಂಡಿಯನ್ನು ಮುಚ್ಚುವ ಹಾಗೆ ತನ್ನಿ. ಆಮೇಲೆ ಬಿದಿರಿನ ಚಕ್ಕೆಯಿಂದ ಕೆರೆದು ಗಾಳಿ ಊದಿ. ಸ್ಕ್ರೂಡ್ರೈವರ್ ಬೇಡ, ಪಿಸ್ಟನ್ ಗೀರಿಹೋಗುತ್ತದೆ. ಮಸಿ ಪದೇ ಪದೇ ಕಟ್ಟುತ್ತಿದ್ದರೆ ಆಯಿಲ್ ಅಳತೆ ಜಾಸ್ತಿ, ಅಥವಾ 2ಟಿ ಬದಲು ಬೈಕಿನ ಎಂಜಿನ್ ಆಯಿಲ್ ಬೆರೆಸುತ್ತಿದ್ದೀರಿ. ಅದು ಉರಿಯಲು ಮಾಡಿದ ಆಯಿಲ್ ಅಲ್ಲ.

ಫೋರ್ ಸ್ಟ್ರೋಕ್‌ನಲ್ಲಿ ಮಸಿಗಿಂತ ಟ್ಯಾಪೆಟ್, ಅಂದರೆ ವಾಲ್ವನ್ನು ಒತ್ತುವ ಭಾಗದ ತೊಂದರೆ ಹೆಚ್ಚು. ಹೊಸದರಲ್ಲಿ ಚೆನ್ನಾಗಿದ್ದದ್ದು ಬರಬರುತ್ತಾ ಬಲ ಕಳೆದುಕೊಂಡು, ಬಿಸಿಯಾದ ಮೇಲೆ ಸ್ಟಾರ್ಟ್ ಆಗಲು ಸತಾಯಿಸಿದರೆ ವಾಲ್ವಿನ ಅಂತರ ತಪ್ಪಿದೆ. ಇದನ್ನು ಎಂಜಿನ್ ತಣ್ಣಗಿರುವಾಗ ಫೀಲರ್ ಗೇಜ್ (ಅಂತರ ಅಳೆಯುವ ತೆಳು ಪಟ್ಟಿ) ಇಟ್ಟು, ಆ ಎಂಜಿನ್ನಿನ ಪುಸ್ತಕದಲ್ಲಿ ಇರುವ ಅಳತೆಗೇ ಹೊಂದಿಸಬೇಕು. ಅಂತರ ಒಂದು ಮಿಲಿಮೀಟರಿನ ಹತ್ತನೇ ಒಂದರ ಆಸುಪಾಸು ಇರುತ್ತದೆ. ಕಣ್ಣಳತೆ ಸಾಲದು, ಅಭ್ಯಾಸವಿಲ್ಲದವರು ಮೆಕ್ಯಾನಿಕ್‌ಗೆ ಬಿಡಿ.

ಹೊಗೆ

ಮೈಸೂರಿನಲ್ಲಿ 1996ರವರೆಗೆ ತಯಾರಾಗುತ್ತಿದ್ದ ಯೆಜ್ಡಿ ಬೈಕ್ ಓಡಿಸಿದವರಿಗೆ ನೀಲಿ ಹೊಗೆ ಹೊಸದಲ್ಲ. ಆರ್‌ಎಕ್ಸ್ 100 ಓಡಿಸಿದವರಿಗೂ ಅಷ್ಟೇ. ಅವೆರಡೂ ಟೂ ಸ್ಟ್ರೋಕ್. ಆ ಅಭ್ಯಾಸದಿಂದ ಹೊಗೆ ಅಂದರೆ ಎಂಜಿನ್ನಿನ ಸಹಜ ಗುಣ ಅಂದುಕೊಂಡವರು ನಮ್ಮಲ್ಲಿ ಬಹಳ.

ಟೂ ಸ್ಟ್ರೋಕ್‌ನಲ್ಲಿ ಸ್ಟಾರ್ಟ್ ಮಾಡಿದಾಗ ತೆಳು ನೀಲಿ ಹೊಗೆ ಬಂದು ಬಿಸಿಯಾದಂತೆ ಕಡಿಮೆಯಾದರೆ ಎಲ್ಲ ಸರಿಯಿದೆ. ದಟ್ಟ ಹೊಗೆ ಬಿಡದೆ ಬಂದರೆ ಆಯಿಲ್ ಜಾಸ್ತಿ. ಹೊಗೆ ಎಂದಿನಂತೆ ಇಲ್ಲದೆ ಪೂರ್ತಿ ನಿಂತುಹೋಗಿದೆ, ವಾಸನೆಯೂ ಇಲ್ಲ ಅಂದರೆ ಅದೇ ಅಪಾಯ. ಆಯಿಲ್ ಬೆರೆಸಿದ್ದೀರಾ ಅಂತ ಆಗಲೇ ನಿಲ್ಲಿಸಿ ನೋಡಿ.

ಫೋರ್ ಸ್ಟ್ರೋಕ್‌ನಲ್ಲಿ ನೀಲಿ ಹೊಗೆ ಅಂದರೆ ಆಯಿಲ್ ಹೋಗಬಾರದ ಕಡೆ ಹೋಗಿ ಉರಿಯುತ್ತಿದೆ. ಮಲಗಿಸಿ ತಂದಿದ್ದರೆ ಎರಡು ಮೂರು ನಿಮಿಷದಲ್ಲಿ ನಿಲ್ಲುತ್ತದೆ. ಟ್ಯಾಂಕಿಗೆ ತಪ್ಪಿ ಟೂ ಸ್ಟ್ರೋಕ್ ಮಿಶ್ರಣ ಹಾಕಿದ್ದರೂ ಹೊಗೆ ಬರುತ್ತದೆ. ಅದನ್ನು ಬಗ್ಗಿಸಿ ಬರೀ ಪೆಟ್ರೋಲ್ ಹಾಕಿ, ಪ್ಲಗ್ ಒರೆಸಿ, ಅಷ್ಟು ಸಾಕು. ಇವೆರಡೂ ಅಲ್ಲದಿದ್ದರೆ ಆಯಿಲ್ ಕಡ್ಡಿ ತೆಗೆದು ನೋಡಿ. ಗುರುತಿಗಿಂತ ಮೇಲಿದ್ದರೆ ಜಾಸ್ತಿ ಹಾಕಿದ್ದೀರಿ. ಸಣ್ಣ ಎಂಜಿನ್‌ಗೆ ಬೇಕಾಗುವುದೇ ಕೊಂಚ, ಹೋಂಡಾ ಜಿಎಕ್ಸ್35ಕ್ಕೆ 100 ಮಿಲಿ ಮಾತ್ರ. ಹಾಕದೆಯೂ ಮೇಲೆ ಬಂದಿದ್ದು, ಮೂಸಿದರೆ ಪೆಟ್ರೋಲ್ ವಾಸನೆ ಬಂದರೆ ಕಾರ್ಬೊರೇಟರಿನಿಂದ ಪೆಟ್ರೋಲ್ ಆಯಿಲಿಗೆ ಇಳಿಯುತ್ತಿದೆ. ಓಡಿಸಬೇಡಿ, ರಿಪೇರಿ ಮಾಡಿಸಿ ಆಯಿಲ್ ಬದಲಿಸಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ಐದೈದು ನಿಮಿಷ ಓಡಿಸಿ ನಿಲ್ಲಿಸುವ ಎಂಜಿನ್‌ಗಳಲ್ಲಿ ಇದು ಕಾಣುತ್ತದೆ, ಆಯಿಲ್ ಬದಲಿಸಬೇಕು. ಅಳತೆ ಸರಿಯಿದ್ದು, ಹೊಗೆ ನಿಲ್ಲದೆ, ಆಯಿಲ್ ಕಡಿಮೆಯಾಗುತ್ತಾ ಹೋದರೆ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ. ಇಷ್ಟು ದೂರ ಬಂದ ಮೇಲೂ ದಿನಾ ಬೆಳಿಗ್ಗೆ ಆಯಿಲ್ ಹಾಕಿಕೊಂಡು ಕೊಯ್ಲು ಮುಗಿಸಬಹುದು. ಫೋರ್ ಸ್ಟ್ರೋಕ್ ಮುಂಚೆಯೇ ಸೂಚನೆ ಕೊಡುತ್ತದೆ.

ವೇಗ ತಾನಾಗಿ ಏರುತ್ತದೆ, ಶಬ್ದ ಕೀರಲಾಗುತ್ತದೆ, ತೀರಾ ಬಿಸಿ

ಟೂ ಸ್ಟ್ರೋಕ್ ಅಂಥ ಸೂಚನೆ ಕೊಡುವುದು ಕೆಲವು ಕ್ಷಣ ಮಾತ್ರ. ಇದೊಂದು ಲಕ್ಷಣವನ್ನು ಮಿಷನ್ ಹಿಡಿಯುವ ಪ್ರತಿಯೊಬ್ಬರಿಗೂ ಹೇಳಿಕೊಡಿ.

ನಾಲ್ಕು ವರ್ಷದ ಹಿಂದೆ ನಮ್ಮ ತೋಟದಲ್ಲಿ ಕೆಲಸಕ್ಕೆ ಬಂದ ಹುಡುಗ ಬೆಳಿಗ್ಗೆ ಅಂಗಳದಿಂದ ಕೂಗಿದ.

"ಅಣ್ಣಾ, ಪೆಟ್ರೋಲ್ ಯಾವ ಕ್ಯಾನಿಂದು ಹಾಕ್ಲಿ?"

"ಬಿಳೀದು ಹಾಕೋ ಮಾರಾಯ," ಅಂದೆ.

ಜಗಲಿಯಲ್ಲಿ ಬಿಳಿ ಕ್ಯಾನು ಎರಡಿದ್ದವು. ಒಂದರಲ್ಲಿ ಮಿಶ್ರಣ, ಇನ್ನೊಂದರಲ್ಲಿ ಔಷಧಿ ಪಂಪಿನ ಬರೀ ಪೆಟ್ರೋಲ್. ಅವನು ಎರಡನೆಯದನ್ನು ಹಾಕಿದ. ಸ್ವಲ್ಪ ಹೊತ್ತು ಮಿಷನ್ ಎಂದಿಗಿಂತ ಚುರುಕಾಗಿ ಓಡಿತು. ಹೊಗೆ ಇಲ್ಲ. ಆಮೇಲೆ ಶಬ್ದ ತೆಳ್ಳಗಾಗುತ್ತಾ ಕೀರಲಾಯಿತು, ಕಿರ್ರ್ ಅಂತ ಒಂದೇ ಏಟಿಗೆ ನಿಂತಿತು. ಹಗ್ಗ ಕದಲಲಿಲ್ಲ. ಮಧ್ಯಾಹ್ನ ತಣ್ಣಗಾದ ಮೇಲೆ ಸೈಲೆನ್ಸರ್ ಬಿಚ್ಚಿ ಕಿಂಡಿಯಲ್ಲಿ ಟಾರ್ಚ್ ಬಿಟ್ಟೆವು. ಕನ್ನಡಿಯಂತೆ ಇರಬೇಕಾದ ಪಿಸ್ಟನ್ನಿನ ಮೈಮೇಲೆ ಮೇಲಿಂದ ಕೆಳಗೆ ಉಗುರಿನಿಂದ ಗೀರಿದ ಹಾಗೆ ಗೆರೆಗಳು. ಅಲ್ಯೂಮಿನಿಯಂ ಕರಗಿ ರಿಂಗಿನ ಮೇಲೆ ಬಳಿದುಕೊಂಡು ರಿಂಗ್ ತಾನು ಕೂರುವ ತೋಡಿನಲ್ಲೇ ಹೂತುಹೋಗಿತ್ತು. ಪಿಸ್ಟನ್, ರಿಂಗ್, ಸಿಲಿಂಡರ್ ಮೂರೂ ಹೋದವು. ಅವತ್ತೇ ಮಿಶ್ರಣದ ಕ್ಯಾನಿಗೆ ಕೆಂಪು ಬಣ್ಣ ಬಳಿದು ಅದರ ಕತ್ತಿಗೆ ಅಳತೆ ಲೋಟ ಕಟ್ಟಿದೆ. 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ, 40ಕ್ಕೆ 1 ಅಂದರೆ 25 ಮಿಲಿ, 25ಕ್ಕೆ 1 ಅಂದರೆ 40 ಮಿಲಿ. ಯಾವುದು ಅನ್ನುವುದನ್ನು ಮಿಷನ್ನಿನ ಪುಸ್ತಕ ಹೇಳುತ್ತದೆ.

ಆಯಿಲ್ ಸರಿಯಾಗಿ ಬೆರೆಸಿಯೂ ಇದೇ ಲಕ್ಷಣ ಬರಬಹುದು. ಎಕ್ಸಲರೇಟರ್ ಬಿಟ್ಟರೂ ವೇಗ ಇಳಿಯದೆ ಏರುತ್ತಿದ್ದರೆ ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ. ಕಾರ್ಬೊರೇಟರ್ ಬೋಲ್ಟ್ ಸಡಿಲವಿದ್ದರೆ ನೀವೇ ಬಿಗಿ ಮಾಡಬಹುದು. ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿದ್ದರೆ ಅಂಗಡಿಗೇ ಒಯ್ಯಬೇಕು, ಅಲ್ಲಿಯವರೆಗೆ ಒಂದು ಸಲವೂ ಓಡಿಸಬೇಡಿ. ಇಂಥ ಎಂಜಿನ್ನಿನ ಪ್ಲಗ್ ಬೆಳ್ಳಗೆ ಸುಟ್ಟಂತೆ ಇರುತ್ತದೆ. ಸರಿಯಿರುವ ಪ್ಲಗ್ ಹುರಿದ ಕಾಫಿ ಬೀಜದ ತಿಳಿ ಕಂದು ಬಣ್ಣಕ್ಕೆ ಇರುತ್ತದೆ. ಒಣ ಕಪ್ಪು ಮಸಿ ಇದ್ದರೆ ಗಾಳಿ ಕಡಿಮೆ, ಒದ್ದೆ ಜಿಡ್ಡು ಕಪ್ಪು ಇದ್ದರೆ ಆಯಿಲ್ ಜಾಸ್ತಿ.

ಬರೀ ಬಿಸಿ ಮಾತ್ರ ಜಾಸ್ತಿಯಾಗಿದ್ದರೆ ಪ್ಲಾಸ್ಟಿಕ್ ಕವರ್ ತೆಗೆದು ಸಿಲಿಂಡರಿನ ರೆಕ್ಕೆಗಳ ನಡುವೆ ನೋಡಿ. ಹುಲ್ಲಿನ ಪುಡಿ ಜಿಡ್ಡಿಗೆ ಅಂಟಿ ಗಾಳಿ ಆಡದ ಹಾಗೆ ಕಟ್ಟಿರುತ್ತದೆ. ಔಷಧಿ ಪಂಪಿನಲ್ಲಿ ಮೈಲುತುತ್ತ-ಸುಣ್ಣದ (ಬೋರ್ಡೋ ದ್ರಾವಣದ) ನೀಲಿ ಪದರ ಕೂರುತ್ತದೆ. ಬೋರ್ಡೋ ಹೊಡೆದ ದಿನವೇ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಒಳ್ಳೆಯದು, ಅದು ಲೋಹವನ್ನೂ ತಿನ್ನುತ್ತದೆ.

ಎಂಜಿನ್ ಓಡುತ್ತದೆ, ಬ್ಲೇಡ್ ಹೇಳಿದ ಮಾತು ಕೇಳುವುದಿಲ್ಲ

ಎಕ್ಸಲರೇಟರ್ ಬಿಟ್ಟ ಮೇಲೂ ಬ್ಲೇಡ್ ತಿರುಗುತ್ತಿದ್ದರೆ ಕೆಲಸ ನಿಲ್ಲಿಸಿ. ಎಕ್ಸಲರೇಟರ್ ಬಿಟ್ಟಾಗಿನ ವೇಗ ಹೊಂದಿಸುವ ಐಡಲ್ ಸ್ಕ್ರೂ ಸ್ವಲ್ಪ ಇಳಿಸಿ ನೋಡಿ. ಆಗಲೂ ತಿರುಗಿದರೆ ಕ್ಲಚ್ಚಿನ ಸ್ಪ್ರಿಂಗ್ ಮುರಿದಿದೆ. ಅಂಥ ಮಿಷನ್ ಹೆಗಲಿಗೆ ಹಾಕಿ ದರೆ ಹತ್ತಬೇಡಿ, ಕಾಲು ಜಾರಿದರೆ ಬ್ಲೇಡ್ ಕಾಲಿನ ಹತ್ತಿರವೇ ಇರುತ್ತದೆ. ಎಂಜಿನ್ ಜೋರಾಗಿ ಓಡಿಯೂ ಬ್ಲೇಡ್ ತಿರುಗದಿದ್ದರೆ ಕ್ಲಚ್ ಸವೆದಿದೆ, ಇಲ್ಲವೇ ಒಳಗಿನ ಶಾಫ್ಟ್ ಕಳಚಿದೆ. ಎರಡೂ ಎಂಜಿನ್ನಿಗೂ ಇದು ಒಂದೇ.

ಅಂಗಡಿಗೆ ಒಯ್ಯುವಾಗ

ಹೊಸ ಪ್ಲಗ್ಗಿಗೂ ಕಿಡಿ ಇಲ್ಲದಿದ್ದರೆ, ಒತ್ತಡ ಇಲ್ಲದಿದ್ದರೆ, ಪಿಸ್ಟನ್ ಮೇಲೆ ಗೆರೆ ಕಂಡರೆ, ಒಳಗೆ ಲೋಹ ಬಡಿದ ಶಬ್ದ ಬಂದರೆ, ಪೆಟ್ರೋಲ್ ಸೋರಿ ಎಲ್ಲಿಂದ ಅಂತ ತಿಳಿಯದಿದ್ದರೆ ಮನೆಯಲ್ಲಿ ಮುಂದುವರಿಯಬೇಡಿ. ಟೂ ಸ್ಟ್ರೋಕ್ ಒಮ್ಮೆ ಕಚ್ಚಿ ನಿಂತು, ತಣ್ಣಗಾದ ಮೇಲೆ ಮತ್ತೆ ಓಡಿದರೂ ಅಷ್ಟೇ. "ಸರಿಯಾಯ್ತಲ್ಲ" ಅಂತ ಮತ್ತೆ ತೋಟಕ್ಕೆ ಇಳಿಸಿದರೆ ರಿಂಗಿನಲ್ಲಿ ಮುಗಿಯುತ್ತಿದ್ದ ರಿಪೇರಿ ಸಿಲಿಂಡರಿನವರೆಗೆ ಹೋಗುತ್ತದೆ.

ಹೋಗುವಾಗ ಟ್ಯಾಂಕಿನ ಪೆಟ್ರೋಲನ್ನು ಚೆಲ್ಲಬೇಡಿ. ಬಿಗಿ ಮುಚ್ಚಳದ ಕ್ಯಾನಿಗೆ ಬಗ್ಗಿಸಿ ಜೊತೆಗೇ ಒಯ್ಯಿರಿ, ಫೋರ್ ಸ್ಟ್ರೋಕ್ ಆದರೆ ಮಿಷನ್ನನ್ನು ನೆಟ್ಟಗೆ ನಿಲ್ಲಿಸಿಕೊಂಡು ಹೋಗಿ. ಮೆಕ್ಯಾನಿಕ್‌ಗೆ ಎಷ್ಟು ನಿಮಿಷ ಓಡಿ ನಿಂತಿತು, ಬಿಸಿಯಲ್ಲಿ ಕಿಡಿ ಇತ್ತಾ, ಲೀಟರಿಗೆ ಎಷ್ಟು ಮಿಲಿ ಆಯಿಲ್ ಬೆರೆಸಿದ್ದಿರಿ ಅಂತ ಹೇಳಿ. ಬಿಚ್ಚಿದ ಹಳೆಯ ಪ್ಲಗ್ಗನ್ನು ಒರೆಸದೆ, ಹಾಗೇ ಕಾಗದದಲ್ಲಿ ಸುತ್ತಿ ಅವರ ಕೈಗೆ ಕೊಡಿ.